ಎಡಕ್ಕೆ ನೀಲವ್ವನ ಮನೆ

ಮೊನ್ನೆ ಗ್ಯಾಸಿನ ಪುಸ್ತಕ ಹುಡುಕಲು ಹೋಗಿ ಕಪಾಟಿನ ತಳದಲ್ಲಿ ಒಂದು ಚೌಕುಳಿ ನೋಟ್‌ಬುಕ್ಕು ಸಿಕ್ಕಿತು. ಸಣ್ಣ ಮಕ್ಕಳು ಕೂಡಿಸುವ ಕಳೆಯುವ ಲೆಕ್ಕ ಬರೆಯುತ್ತಾರಲ್ಲ, ಅಂಥದ್ದು. ತೆರೆದರೆ ಒಳಗೆ ಲೆಕ್ಕವೇ ಇಲ್ಲ. ನನ್ನದೇ ದುಂಡನೆಯ ಅಕ್ಷರದಲ್ಲಿ, ನೀಲಿ ಬಾಲ್‌ಪೆನ್ನಿನಲ್ಲಿ ಸಾಲು ಸಾಲು ಇಂಗ್ಲಿಷು, ಪ್ರತಿ ಶಬ್ದದ ಆಚೆಗೊಂದು ಈಚೆಗೊಂದು ಚೂಪು ಕಂಸ. ಅಲ್ಲಲ್ಲಿ ಅರಿಸಿನದ ಕಲೆ. ನಮ್ಮ ಮನೆಯವರು ಬಗ್ಗಿ ನೋಡಿ, ಇದು ಯಾವ ಊರಿನ ಅಡುಗೆ ಎಂದು ಕೇಳಿದರು. ಗ್ಯಾಸಿನ ಪುಸ್ತಕ ಹುಡುಕುವುದು ಅಲ್ಲಿಗೇ ನಿಂತಿತು. ಅವತ್ತು ಮಧ್ಯಾಹ್ನವೆಲ್ಲ ನಾನು ಆ ನೋಟ್‌ಬುಕ್ಕು ಹಿಡಿದುಕೊಂಡು ನೆಲದ ಮೇಲೆಯೇ ಕುಳಿತಿದ್ದೆ.

ನಗಬೇಡಿ, ನಾನೂ ಒಂದು ಕಾಲಕ್ಕೆ ವೆಬ್‌ಸೈಟ್ ಮಾಡಿದವಳು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಶಾಲೆಗೆ ಎರಡು ಕಂಪ್ಯೂಟರು ಬಂದಿದ್ದವು. ಬಂದ ದಿನವೇ ಅವಕ್ಕೆ ಕುಂಕುಮ ಹಚ್ಚಿ, ಕಸೂತಿ ಹಾಕಿದ ಬಟ್ಟೆ ಹೊದಿಸಿ, ಧೂಳು ತಾಗಬಾರದೆಂದು ಕೋಣೆಗೆ ಬೀಗ ಜಡಿದಿದ್ದರು. ಕೀಲಿ ಹೆಡ್‌ಮಾಸ್ತರರ ಜನಿವಾರಕ್ಕಿತ್ತೋ ಉಡದಾರಕ್ಕಿತ್ತೋ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ವಿಜಾಪುರದಲ್ಲಿ ಹತ್ತು ದಿನದ ತರಬೇತಿಗೆ ಒಬ್ಬರನ್ನು ಕಳಿಸಿರೆಂದು ಕಾಗದ ಬಂತು. ಗಣಿತದವರು ತಮಗೆ ಬರುತ್ತದೆ ಎಂದರು, ವಿಜ್ಞಾನದವರು ತಮಗೆ ಬಿಡುವಿಲ್ಲ ಎಂದರು. ಉಳಿದವಳು ನಾನು.

ಎಂಟು ದಿನ ಮೌಸ್ ಹಿಡಿಯುವುದರಲ್ಲಿ, ಚಿತ್ರ ಬಿಡಿಸುವುದರಲ್ಲಿ ಹೋಯಿತು. ಒಂಬತ್ತನೆಯ ದಿನ ಕಲಿಸುವ ಹುಡುಗಿ, ಈಗ ನೀವೇ ಒಂದು ವೆಬ್ ಪುಟ ಮಾಡಿ ಎಂದಳು. ಒಂದು ಚೂಪು ಕಂಸದಲ್ಲಿ ಬಿ ಬರೆದು, ನನ್ನ ಹೆಸರು ಬರೆದು, ಇನ್ನೊಂದು ಕಂಸದಲ್ಲಿ ಅಡ್ಡಗೆರೆ ಹಾಕಿ ಮತ್ತೆ ಬಿ ಬರೆದೆ. ಸುವರ್ಣಾ ಎಂಬ ನಾನು ಪರದೆಯ ಮೇಲೆ ದಪ್ಪಗೆ, ಕಪ್ಪಗೆ ಎದ್ದು ನಿಂತೆ. ನಾಲ್ಕು ವರ್ಷ ಮೇಷ್ಟರಿಕೆ ಮಾಡಿದ್ದರೂ ನಾನು ಹೇಳಿದ ಮಾತನ್ನು ಯಾರಾದರೂ ಅಷ್ಟು ಬೇಗ ಕೇಳಿದ್ದು ಅದೇ ಮೊದಲು. ಇನ್ನೊಂದು ಶಬ್ದ ಬರೆದರೆ ನನ್ನ ಹೆಸರು ಬಲದಿಂದ ಎಡಕ್ಕೆ ಓಡುತ್ತಿತ್ತು. ಪಕ್ಕದಲ್ಲಿದ್ದ ಇಂಡಿ ತಾಲೂಕಿನ ಡ್ರಾಯಿಂಗ್ ಮಾಸ್ತರರನ್ನು ಮೊಣಕೈಯಿಂದ ತಿವಿದು ತೋರಿಸಿದೆ. ಅವರು ತಮ್ಮ ಹೆಸರನ್ನು ಮಿಣುಕಿಸುವುದರಲ್ಲಿ ಮುಳುಗಿದ್ದರು, ನನ್ನ ಓಟ ನೋಡಲಿಲ್ಲ.

ಆ ವಿದ್ಯೆಯಲ್ಲಿ ಒಂದೇ ಒಂದು ಕಟ್ಟುನಿಟ್ಟು ಇತ್ತು. ತೆರೆದದ್ದನ್ನು ಮುಚ್ಚಬೇಕು. ಮುಚ್ಚಲು ಮರೆತರೆ ಕೆಳಗಿನದೆಲ್ಲ ದಪ್ಪಗಾಗಿ, ಕೆಂಪಾಗಿ, ಓಡಾಡಿ ಪುಟ ಹಾಳಾಗುತ್ತದೆ. ಅದು ನನ್ನ ತಲೆಯೊಳಗೆ ಎಷ್ಟು ಇಳಿಯಿತೆಂದರೆ ಮನೆಗೆ ಬಂದು ಒಂದು ವಾರ ಡಬ್ಬಿಯ ಮುಚ್ಚಳ, ಹಿತ್ತಲ ಬಾಗಿಲು, ಗಂಡ ಅರ್ಧ ಓದಿ ಮಗುಚಿಟ್ಟ ಪೇಪರು, ಎಲ್ಲವನ್ನೂ ಮುಚ್ಚುತ್ತ ತಿರುಗಿದೆ.

ಶಾಲೆಯ ಕಂಪ್ಯೂಟರು ಬೀಗದೊಳಗೇ ಇದ್ದವು. ಹಾಗಾಗಿ ಕಲಿತದ್ದು ಮರೆಯಬಾರದೆಂದು ಅಂಗಡಿಯಿಂದ ಚೌಕುಳಿ ನೋಟ್‌ಬುಕ್ಕು ತಂದು, ಒಲೆಯ ಮುಂದೆ ಕುಳಿತು ಕೈಯಿಂದಲೇ ವೆಬ್‌ಸೈಟ್ ಬರೆಯತೊಡಗಿದೆ. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ, ಈಜು ಕಲಿಯಲು ಅಟ್ಟದ ಮೇಲೆ ಕೈಕಾಲು ಬಡಿದಿರೇನು ಎಂದು ಕೇಳುತ್ತಾರೆ. ಹೌದು, ಹಾಗೆಯೇ ಬಡಿದೆ.

ಅವ್ವ ಆಗ ನಮ್ಮ ಜೊತೆಗೇ ಇದ್ದಳು. ನಮ್ಮೂರು ಆಲಮಟ್ಟಿಯ ಹಿನ್ನೀರಿಗೆ ಹೋಗಿ ಐದು ವರ್ಷ ದಾಟಿತ್ತು. ಊರಿನ ಹೆಸರು ಬೇಡ ಬಿಡಿ, ಬಸ್ಸಿನ ಬೋರ್ಡಿನ ಮೇಲೂ ಈಗ ಅದಿಲ್ಲ. ಊರವರೆಲ್ಲ ಹೊಸ ಪ್ಲಾಟಿಗೆ ಕೆಲವರು, ಬಾಗೇವಾಡಿಗೆ ಕೆಲವರು, ಸಿಂದಗಿ ಕಡೆ ಕೆಲವರು, ಬೀಗರು ಇದ್ದಲ್ಲಿಗೆ ಕೆಲವರು ಹೀಗೆ ಚದುರಿಹೋಗಿದ್ದರು. ಅವ್ವ ಮುದ್ದೇಬಿಹಾಳದ ಓಣಿಗೆ ಹೊಂದಿಕೊಂಡಿದ್ದಳು, ನಳದ ನೀರಿಗೆ ಜಗಳ ಆಡುವಷ್ಟು ಹೊಂದಿಕೊಂಡಿದ್ದಳು. ನಾನು ಒಂದೇ ಉಸಿರಿಗೆ ವೆಬ್‌ಸೈಟಿನ ಮಹಿಮೆ ಹೇಳಿದೆ. ನಾವು ಇಲ್ಲಿ ಹಾಕಿದ್ದು ಮುಂಬೈಯಲ್ಲೂ ಕಾಣುತ್ತದೆ, ಜಮ್ಮುವಿನಲ್ಲೂ ಕಾಣುತ್ತದೆ, ಯಾರ ಅಪ್ಪಣೆಯೂ ಬೇಕಾಗಿಲ್ಲ ಎಂದೆ. ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಯಾರ ಬೇಕಾದ್ರೂ ನೋಡಬಹುದು ಅಂದ್ಯಲ್ಲ. ನೀಲವ್ವ ನೋಡ್ತಾಳೇನು?"

ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು. ಯಾಕೆಂದು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕತೆ ಹೇಳುವುದು ನನಗೆ ಬರುವುದಿಲ್ಲ.

ನೀಲವ್ವ ನಮ್ಮ ಪಕ್ಕದ ಮನೆಯವಳು, ನಮ್ಮವ್ವ ಗಂಗವ್ವನ ಗೆಳತಿ. ಎರಡೂ ಮನೆಗೆ ಒಂದೇ ಗೋಡೆ. ಆ ಗೋಡೆಯಲ್ಲಿ ಒಂದು ಕಿಂಡಿ. ಕೆಂಡ, ಹೆಪ್ಪಿಗೆ ಮಜ್ಜಿಗೆ, ಪುಂಡಿಪಲ್ಯದ ಬಟ್ಟಲು, ಅತ್ತೆಯ ಮೇಲಿನ ದೂರು, ಎಲ್ಲ ಆ ಕಿಂಡಿಯಿಂದಲೇ ಹೋಗುತ್ತಿದ್ದವು, ಬರುತ್ತಿದ್ದವು. ನಾನು ಸಣ್ಣವಳಿದ್ದಾಗ ಆ ಕಿಂಡಿಯಿಂದ ಕೈ ಚಾಚಿದರೆ ಏನಾದರೊಂದು ಕೈಗೆ ಬೀಳುತ್ತಿತ್ತು. ಒಮ್ಮೆ ಬೇಯಿಸಿದ ಗೆಣಸು, ಒಮ್ಮೆ ಶೇಂಗಾದ ಉಂಡೆ, ತುಂಟತನ ಮಾಡಿದ ದಿನ ಒಂದು ಏಟು. ಊರು ಖಾಲಿ ಮಾಡುವ ದಿನ ಗೊತ್ತಾದಾಗ ನೀಲವ್ವ ಊರಲ್ಲಿರಲಿಲ್ಲ. ಮಗಳ ಕೊನೆಯ ಬಾಣಂತನಕ್ಕೆಂದು ಸೊಲ್ಲಾಪುರದ ಕಡೆಯ ಒಂದು ಹಳ್ಳಿಗೆ ಹೋಗಿದ್ದಳು. ಅವ್ವ ನನ್ನ ಕೈಗೆ ವಿಳಾಸದ ಚೀಟಿ ಕೊಟ್ಟು, ಒಂದು ಕಾರ್ಡು ಬರೆದು ಹಾಕು, ಲಗೂ ಬಾ ಎಂದು ತಿಳಿಸು ಎಂದಳು. ನನಗೆ ಬಿ.ಎಡ್. ಪರೀಕ್ಷೆಯ ಗಡಿಬಿಡಿ. ಚೀಟಿಯನ್ನು ಪುಸ್ತಕದೊಳಗಿಟ್ಟೆ. ಪುಸ್ತಕ ಲೈಬ್ರರಿಯದು, ಅದು ಲೈಬ್ರರಿಗೆ ಹೋಯಿತು, ಅವ್ವನಿಗೂ ನೆನಪಿರದ ಆ ಹಳ್ಳಿಯ ಹೆಸರಿದ್ದ ಚೀಟಿಯೂ ಅದರೊಡನೆ ಹೋಯಿತು. ಕಾರ್ಡು ಹಾಕಿದಿಯೇನು ಎಂದು ಅವ್ವ ಕೇಳಿದಾಗ ಹಾಕಿದೆ ಎಂದೆ.

ನೀಲವ್ವ ಬರಲಿಲ್ಲ. ನಾವು ಲಾರಿ ಹತ್ತಿ ಬಂದೆವು. ಕಾರ್ಡು ಮುಟ್ಟಿದರೂ ಬರಲಿಲ್ಲ ನೋಡು ಎಂದು ಅವ್ವ ಮೊದಲ ವರ್ಷ ಸಿಟ್ಟು ಮಾಡಿಕೊಂಡಳು. ಎರಡನೆಯ ವರ್ಷ ಏನಾಯಿತೋ ಎಂದು ಚಿಂತೆ ಮಾಡಿದಳು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಹಸಿರು ಇಳಕಲ್ಲು ಸೀರೆ ಉಟ್ಟ ಯಾವ ಹೆಂಗಸು ಕಂಡರೂ ತಿರುಗಿ ನೋಡತೊಡಗಿದಳು. ಊರವರ ಯಾವ ಪಟ್ಟಿಯಲ್ಲಿ ಹುಡುಕಿದರೂ ನೀಲವ್ವ ಇರಲಿಲ್ಲ. ಮನೆ ಆಕೆಯ ಮೈದುನನ ಹೆಸರಿನಲ್ಲಿತ್ತು, ಅವನು ತೀರಿಕೊಂಡಿದ್ದ, ವಿಧವೆಯಾದ ನೀಲವ್ವನ ಹೆಸರು ಯಾರ ಕಾಗದದಲ್ಲೂ ಇರಲಿಲ್ಲ. ಕಾರ್ಡಿನ ಸುದ್ದಿಯನ್ನು ಮಾತ್ರ ನಾನು ಬಾಯಿಬಿಡಲಿಲ್ಲ. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು.

ಹಾಗಾಗಿ ಅವ್ವ ಆ ಪ್ರಶ್ನೆ ಕೇಳಿದ ಕೂಡಲೇ ನನ್ನ ಬಾಯಿಂದ ಹೌದು, ನೋಡುತ್ತಾಳೆ ಎಂಬ ಮಾತು ಬಂದುಬಿಟ್ಟಿತು. ನೀಲವ್ವನಿಗೆ ಓದಲು ಬರುವುದಿಲ್ಲ, ಕಂಪ್ಯೂಟರು ಹೇಗಿರುತ್ತದೆಂಬುದೂ ಗೊತ್ತಿರಲಿಕ್ಕಿಲ್ಲ. ಆದರೂ ನಾನು ನಮ್ಮೂರಿನ ವೆಬ್‌ಸೈಟ್ ಮಾಡಬೇಕೆಂದು ಅಲ್ಲೇ, ಮೊರದ ಮುಂದೆಯೇ ನಿಶ್ಚಯ ಮಾಡಿದೆ. ಯಾರಾದರೂ ನೋಡಿ ಆಕೆಗೆ ಹೇಳಿಯಾರು ಎಂಬ ಆಸೆ. ಒಂದು ಕಾರ್ಡಿನ ಬದಲು ಜಗತ್ತಿಗೇ ಕಾರ್ಡು ಹಾಕುವ ಹುಮ್ಮಸ್ಸು.

ಟೇಬಲ್ ಎನ್ನುವುದನ್ನು ನಮಗೆ ಕಲಿಸಿದ್ದರು. ಅಡ್ಡ ಸಾಲು, ಪ್ರತಿ ಸಾಲಿನಲ್ಲಿ ಮನೆಗಳು, ಒಂದೊಂದು ಮನೆಗೆ ಒಂದೊಂದು ಬಣ್ಣ. ಮನೆ ಎಂಬ ಮಾತು ತಲೆಗೆ ಹೊಕ್ಕದ್ದೇ ತಡ, ನನಗೆ ಮೈಯೆಲ್ಲ ಝುಂ ಎಂದಿತು. ನಮ್ಮೂರನ್ನೇ ಒಂದು ಟೇಬಲ್ ಮಾಡಿದರೆ? ಮೇಲೆ ಬಸ್ಸಿನ ರಸ್ತೆ, ಕೆಳಗೆ ಹೊಳೆ, ನಡುವೆ ಉದ್ದಕ್ಕೆ ಒಂದೇ ಬೀದಿ, ಆಚೆಗೂ ಈಚೆಗೂ ಮನೆಗಳು. ಒಂದು ಮನೆಯ ಮೇಲೆ ಒತ್ತಿದರೆ ಆ ಮನೆಯವರು ಈಗ ಎಲ್ಲಿದ್ದಾರೆಂದು ತೋರಿಸುವ ಪುಟ. ಗೊತ್ತಿಲ್ಲದಿದ್ದರೆ, ನಿಮಗೆ ಗೊತ್ತಿದ್ದರೆ ತಿಳಿಸಿ ಎಂಬ ಸಾಲು. ಎಲ್ಲದರ ಕೊನೆಗೆ ಬಂದವರು ಬರೆದು ಹೋಗಲು ಅತಿಥಿ ಪುಸ್ತಕ. ಚೌಕುಳಿ ಹಾಳೆಯ ಮೇಲೆ ಅಂದೇ ಬೀದಿ ಕೊರೆದೆ.

ಆದರೆ ಯಾರ ಮನೆಯ ಪಕ್ಕಕ್ಕೆ ಯಾರ ಮನೆ? ನೀನೂ ಆ ಊರಿನವಳೇ ಅಲ್ಲವೇ ಎಂದು ಕೇಳಬೇಡಿ. ಏಳನೆಯ ಇಯತ್ತೆ ಮುಗಿದ ಮೇಲೆ ನಾನು ಹಾಸ್ಟೆಲು ಸೇರಿದವಳು. ನನಗೆ ಗೊತ್ತಿದ್ದದ್ದು ಯಾರ ಹಿತ್ತಲಲ್ಲಿ ಪೇರಲ ಗಿಡ ಇತ್ತು ಎಂಬುದಷ್ಟೇ. ಹಾಗಾಗಿ ಗುರಪ್ಪಮಾವನನ್ನು ಕರೆಸಿದೆ. ಅವ್ವನ ತಮ್ಮ, ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಆಗಷ್ಟೇ ನಿವೃತ್ತನಾಗಿದ್ದ. ಮನೆಯೊಳಗೆ ಕುಳಿತು ಗೊತ್ತಿಲ್ಲದ ಮನುಷ್ಯ, ಪಾಸು ತೆಗೆದುಕೊಂಡು ದಿನಾ ಯಾವುದಾದರೊಂದು ಬಸ್ಸು ಹತ್ತಿ ಹೋಗಿಬರುತ್ತಿದ್ದ. ಅವನು ಬಂದವನೇ ಬಸ್ಸಿನ ರಸ್ತೆಯಿಂದ ಶುರುಮಾಡಿ, ಎಡಕ್ಕೆ ಬಡಿಗೇರ ಮನೆ, ಬಲಕ್ಕೆ ಕಿರಾಣಿ ಅಂಗಡಿ ಎಂದು ಸ್ಟಾಪು ಕೂಗಿದಂತೆ ಕೂಗುತ್ತ ಬಂದ. ನಡುವಿನ ಬೇವಿನ ಕಟ್ಟೆಯ ತನಕ ಬಂದು ನಿಂತ. ಅಲ್ಲಿಂದ ಕೆಳಗೆ, ಹೊಳೆಯ ಕಡೆಯದು ಹೆಂಗಸರ ರಾಜ್ಯ, ಅದನ್ನು ನಿಮ್ಮವ್ವನಿಗೆ ಕೇಳು ಎಂದ.

ಅವ್ವನಿಗೆ ಕೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡು ಕೈ ಮಾಡಿ ಹೇಳತೊಡಗಿದಳು. ಮನೆಯ ಯಜಮಾನರ ಹೆಸರು ಆಕೆಯ ಬಾಯಲ್ಲಿ ಒಂದೂ ಬರಲಿಲ್ಲ. ಬಲಕ್ಕೆ ಬಾಳವ್ವನ ಮನೆ, ಎಡಕ್ಕೆ ನೀಲವ್ವನ ಮನೆ, ಅದರ ಗೋಡೆಗೆ ನಮ್ಮನೆ, ಎಲ್ಲ ಹೆಂಗಸರದೇ ಹೆಸರು. ಮಾವ ನಡುನಡುವೆ, ಅದು ಬಾಳವ್ವನ ಮನೆಯಲ್ಲ, ಬಸಲಿಂಗಪ್ಪನ ಮನೆ ಎಂದು ತಿದ್ದಲು ನೋಡಿದ. ಬಸಲಿಂಗಪ್ಪ ಆ ಮನೆಯಲ್ಲಿ ಎಷ್ಟು ಹೊತ್ತು ಇರುತ್ತಿದ್ದ ಎಂದು ಅವ್ವ ಕೇಳಿದ ಮೇಲೆ ತಿದ್ದುವುದನ್ನು ಬಿಟ್ಟ. ನಾನು ಅವ್ವ ಹೇಳಿದಂತೆಯೇ ಬರೆದೆ.

ಮೊದಲು ಇಡೀ ಸೈಟನ್ನು ಕನ್ನಡದಲ್ಲೇ ಮಾಡಿದ್ದೆ. ಬಸ್‌ಸ್ಟ್ಯಾಂಡಿನ ಎದುರಿಗೆ ಇಕ್ಬಾಲ್ ಎಂಬುವರ ಸೈಬರ್ ಕೆಫೆ ಇತ್ತು. ಅವರು ಮೊದಲು ಎಸ್.ಟಿ.ಡಿ. ಬೂತು ನಡೆಸುತ್ತಿದ್ದವರು, ಸಾವಧಾನದ ಮನುಷ್ಯ. ಅವರ ಮೂಲೆಯ ಕಂಪ್ಯೂಟರಿನಲ್ಲಿ ಮೂರು ಭಾನುವಾರ ಕುಳಿತು, ನೋಟ್‌ಬುಕ್ಕಿನಲ್ಲಿದ್ದದ್ದನ್ನೆಲ್ಲ ಅಕ್ಷರ ಅಕ್ಷರ ಕುಟ್ಟಿದೆ. ಮುತ್ತಿನಂಥ ಕನ್ನಡ ಮೂಡಿತು. ಹಿಗ್ಗಿಹೋಗಿ ಪಕ್ಕದ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಒಂದಕ್ಷರ ಕನ್ನಡವಿಲ್ಲ, ಬರೀ ಕೊಕ್ಕೆ, ಬಾಲ, ಚುಕ್ಕಿ. ನೀಲವ್ವನ ಮನೆ ಇರಬೇಕಾದಲ್ಲಿ ಏನೋ ಇರುವೆ ಸಾಲು. ಅಕ್ಕೋರ, ಆ ಅಕ್ಷರ ಈ ಒಂದು ಮಶೀನಿನಾಗ ಮಾತ್ರ ಅದಾವ್ರಿ, ಬ್ಯಾರೆ ಕಡೆ ಹಿಂಗ ಕಾಣ್ತಾವು ಎಂದು ಇಕ್ಬಾಲರು ಸಮಾಧಾನವಾಗಿ ತಿಳಿಸಿದರು. ಕಡೆಗೆ ನಾನು, ನಾಲ್ಕು ವರ್ಷ ಮಕ್ಕಳಿಗೆ ಕನ್ನಡವನ್ನು ಕನ್ನಡದಲ್ಲೇ ಬರೆಯಿರೋ ಎಂದು ಕಿವಿ ಹಿಂಡಿದ ಕನ್ನಡದ ಟೀಚರು, ಅಷ್ಟನ್ನೂ ಅಳಿಸಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ. ನನ್ನ ವಿದ್ಯಾರ್ಥಿಗಳು ಯಾರೂ ಆ ಹೊತ್ತಿಗೆ ಕೆಫೆಗೆ ಬರದಿರಲಿ ಎಂದು ಬಾಗಿಲ ಕಡೆಗೇ ಒಂದು ಕಣ್ಣಿತ್ತು.

ಸೈಟನ್ನು ಜಗತ್ತಿಗೆ ಬಿಡುವ ಮುಂಜಾನೆ ಮಾವನೂ ಬಂದಿದ್ದ. ಪುಕ್ಕಟೆಯಾಗಿ ಜಾಗ ಕೊಡುವ ಒಂದು ಕಂಪನಿಯಲ್ಲಿ ನಾನು ಹೆಸರು ಹಚ್ಚಿದ್ದೆ, ವಿಳಾಸ ನಮ್ಮ ಬೀದಿಗಿಂತ ಉದ್ದವಿತ್ತು. ಫೋನಿನ ತಂತಿ ಹಚ್ಚಿದಾಗ ಅದು ಕೀ ಕರ್ರ್ ಎಂದು ಕಿರುಚಿ, ಕೆಮ್ಮಿ, ಸುಮ್ಮನಾಯಿತು. ಒಂದೊಂದೇ ಫೈಲು ಮೇಲಕ್ಕೆ ಹೋಗತೊಡಗಿತು. ಅಗಸಿಯ ಬಾಗಿಲಿನ ಒಂದೇ ಒಂದು ಫೋಟೋ ಹೋಗುವಷ್ಟರಲ್ಲಿ ಮೂವರೂ ಎರಡೆರಡು ಸಲ ಚಹಾ ಕುಡಿದೆವು. ನಡುವೆ ಕರೆಂಟು ಹೋಯಿತು, ಬಂತು, ಮತ್ತೆ ಮೊದಲಿನಿಂದ ಶುರು. ಕೊನೆಯ ಫೈಲು ಹೋದ ಮೇಲೆ ಆ ಉದ್ದನೆಯ ವಿಳಾಸ ಕುಟ್ಟಿ ಒತ್ತಿದೆ. ನಿಧಾನವಾಗಿ, ಮೇಲಿನಿಂದ ಕೆಳಗೆ ನಮ್ಮೂರು ಇಳಿಯತೊಡಗಿತು. ಅಗಸಿ, ಕಿರಾಣಿ ಅಂಗಡಿ, ಬೇವಿನ ಕಟ್ಟೆ, ಹಳದಿ ಮನೆ, ಗುಲಾಬಿ ಮನೆ, ಕಟ್ಟಕಡೆಗೆ ನೀಲಿ ಹೊಳೆ. ನೀರಿನ ತಳಕ್ಕೆ ಹೋದ ಊರು ಮೇಲೆ ಬಂದಿತ್ತು. ನನಗೆ ಕಣ್ಣು ತುಂಬಿ ಬಂತು, ನಗುವೂ ಬಂತು. ಮಾವ ಕುರ್ಚಿಯ ಬೆನ್ನಿಗೆ ಎರಡು ಸಲ ಬಡಿದು, "ರೈಟ್, ರೈಟ್" ಎಂದ.

ಕೆಳಗೆ ಎಷ್ಟು ಮಂದಿ ನೋಡಿದರೆಂದು ತೋರಿಸುವ ಎಣಿಕೆಯ ಪೆಟ್ಟಿಗೆ ಇತ್ತು. ನಾನು ಶಾಲೆ ಬಿಟ್ಟೊಡನೆ ಕೆಫೆಗೆ ಓಡಿಹೋಗಿ ನೋಡುತ್ತಿದ್ದೆ. ಒಂದು ವಾರಕ್ಕೆ ಐವತ್ತರ ಹತ್ತಿರ ಬಂತೆಂದು ಕುಣಿದೆ. ನೋಡಲು ಹೋದಾಗಲೆಲ್ಲ ಅದು ನನ್ನನ್ನೇ ಎಣಿಸುತ್ತಿದೆ ಎಂದು ಇಕ್ಬಾಲರು ಹೇಳಿದರು. ನಾವು ಊರು ಕಟ್ಟಿಟ್ಟಿದ್ದೆವು, ಆದರೆ ಅಲ್ಲಿಗೆ ಬರುವವರಿಗೆ ಅದು ಇರುವುದೇ ಗೊತ್ತಿರಲಿಲ್ಲ.

ಆಗ ಮಾವ ತನ್ನ ದಾರಿ ಹಿಡಿದ. ಪುಟವನ್ನು ಕಾಗದದ ಮೇಲೆ ಇಳಿಸಿ, ಕೆಳಗೆ ವಿಳಾಸ ಬರೆಸಿ, ಒಂದು ಕಟ್ಟು ಝೆರಾಕ್ಸ್ ಮಾಡಿಸಿಕೊಂಡ. ಬಾಗೇವಾಡಿಯ ಸಂತೆ, ಸಿಂದಗಿಯ ಬಸ್‌ಸ್ಟ್ಯಾಂಡು, ಇಂಡಿಯ ಲಿಂಬೆಹಣ್ಣಿನ ಪೇಟೆ, ಚಡಚಣದ ಚಹಾದಂಗಡಿ, ಎಲ್ಲೆಲ್ಲಿ ಬಸ್ಸು ನಿಲ್ಲುತ್ತದೋ ಅಲ್ಲೆಲ್ಲ ಒಂದೊಂದು ಅಂಟಿಸಿ ಬಂದ. ಅವನ ಹಳೆಯ ಜೊತೆಗಾರರು ಬಸ್ಸಿನೊಳಗೂ ಅಂಟಿಸಿದರು. ತಂತಿಯ ಮೇಲೆ ಓಡಬೇಕಾದ ವೆಬ್‌ಸೈಟು ನಮ್ಮ ಕಡೆ ಕೆಂಪು ಬಸ್ಸಿನಲ್ಲಿ ಓಡಿತು.

ಎರಡು ವಾರ ಕಳೆದಿರಬೇಕು. ಒಂದು ದಿನ ಅತಿಥಿ ಪುಸ್ತಕ ತೆರೆದರೆ ಪುಣೆಯಿಂದ ಒಂದು ಪತ್ರ. ಲಗುಬಗೆಯಿಂದ ಒತ್ತಿದೆ. ಹೊಗಳಿಕೆ ಇರಬಹುದೆಂದುಕೊಂಡಿದ್ದೆ. ನಮ್ಮ ಅಜ್ಜನ ಮನೆಯನ್ನು ಕಂಬಾರರ ಕುಲುಮೆಯ ಪಕ್ಕಕ್ಕೆ ಯಾಕೆ ಹಾಕಿದ್ದೀರಿ, ಅದು ಎದುರಿನ ಸಾಲಿನಲ್ಲಿತ್ತು, ಊರು ನೋಡದವರು ಊರಿನ ವೆಬ್‌ಸೈಟ್ ಮಾಡಬಾರದು ಎಂದು ಬರೆದಿದ್ದರು. ಮರುದಿನ ಹೊಸಪೇಟೆಯಿಂದ ಇನ್ನೊಂದು, ಮಿಲಿಟರಿಯಲ್ಲಿದ್ದ ಒಬ್ಬನಿಂದ ಮತ್ತೊಂದು. ಎಲ್ಲವೂ ತಕರಾರು. ನಮ್ಮ ಮನೆ ಆ ಸಾಲಲ್ಲ, ಈ ಸಾಲು. ನಮ್ಮ ಎದುರಿನವರನ್ನು ಬಗಲಿಗೆ ತಂದು ಕೂರಿಸಿದ್ದೀರಿ.

ನೋಟ್‌ಬುಕ್ಕು ಹರಡಿಕೊಂಡು ಕುಳಿತ ಮೇಲೆ ತಪ್ಪು ತಿಳಿಯಿತು. ಗಂಡಸರಿಗೆ ಊರು ಶುರುವಾಗುವುದು ಬಸ್ಸಿನ ರಸ್ತೆಯಿಂದ. ಹೆಂಗಸರಿಗೆ ಊರು ಶುರುವಾಗುವುದು ಹೊಳೆಯಿಂದ. ಮಾವ ಬಸ್ಸಿಳಿದು ಕೆಳಮುಖವಾಗಿ ಬಂದು ಎಡ ಬಲ ಹೇಳಿದ್ದ. ಅವ್ವ ತಲೆಯ ಮೇಲೆ ಕೊಡ ಹೊತ್ತು ಮೇಲ್ಮುಖವಾಗಿ ಬರುತ್ತ ಎಡ ಬಲ ಹೇಳಿದ್ದಳು. ಅವ್ವನ ಎಡ ಮಾವನಿಗೆ ಬಲ. ನಾನು ಎರಡನ್ನೂ ಒಂದೇ ಎಂದು ತಿಳಿದು ಹೊಲಿದುಬಿಟ್ಟಿದ್ದೆ. ಬೇವಿನ ಕಟ್ಟೆಯಿಂದ ಕೆಳಗಿನ ಅರ್ಧ ಊರು ಮಗುಚಿಕೊಂಡು ಕುಳಿತಿತ್ತು. ಮಾವ ತನ್ನ ಅರ್ಧವನ್ನಷ್ಟೇ ನೋಡಿ ರೈಟ್ ಎಂದಿದ್ದ, ಅವ್ವನಿಗೆ ಓದು ಬಾರದು, ನಾನು ಬಣ್ಣ ನೋಡುವುದರಲ್ಲೇ ಮೈಮರೆತಿದ್ದೆ.

ನಾಚಿಕೆಯಿಂದ ಸತ್ತೆ. ಈಗಲೇ ಹೋಗಿ ತಿದ್ದಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ಬಂದ ತಕರಾರುಗಳನ್ನು ಅವ್ವನಿಗೆ ಓದಿ ಹೇಳಿದ್ದೆನಲ್ಲ, ಆಕೆ ಬಾಗಿಲಿಗೆ ಬಂದು ನನ್ನ ಕೈ ಹಿಡಿದಳು. ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಕಳೆ ಇತ್ತು.

"ತಿದ್ದಬ್ಯಾಡ. ಸರಿ ಇದ್ದಿದ್ರ ಯಾರ ಬರಿತಿದ್ರು? ತಪ್ಪ ಐತಿ ಅಂತನ ಎಲ್ಲಾರೂ ಬರಾಕತ್ತಾರ. ನೀಲವ್ವ ಅಂತೂ ಇದನ್ನ ಕೇಳಿದ್ರ ಸುಮ್ನ ಕುಂದರಾಕಿ ಅಲ್ಲ."

ಮಕ್ಕಳ ಒಂದು ಕೊಂಬು ತಪ್ಪಿದರೆ ಕೆಂಪು ಶಾಯಿ ಸುರಿಯುವ ನಾನು, ಅರ್ಧ ಊರನ್ನು ತಲೆಕೆಳಗು ಮಾಡಿ ಜಗತ್ತಿಗೆಲ್ಲ ತೋರಿಸಿಕೊಂಡು ಸುಮ್ಮನೆ ಕುಳಿತೆ. ತಕರಾರು ಬಂದೇ ಬಂದವು. ಬೈದವರೆಲ್ಲ ಬೈಗುಳದ ಕೆಳಗೆ ತಾವು ಎಲ್ಲಿದ್ದೇವೆಂದು ಬರೆಯುತ್ತಿದ್ದರು. ಬರೆದವರು ಇನ್ನಿಬ್ಬರ ಸುದ್ದಿ ಕೊಡುತ್ತಿದ್ದರು. ಒಬ್ಬರಿಗೊಬ್ಬರು ಅಲ್ಲೇ ಜಗಳ ಹೂಡಿ, ಜಗಳದ ನಡುವೆಯೇ ಮಗಳ ಮದುವೆಗೆ ಕರೆಯುತ್ತಿದ್ದರು. ನಾನು ಪ್ರತಿ ದಿನ ಸಂಜೆ ಒಂದೊಂದು ಮನೆಗೆ ಒಂದೊಂದು ವಿಳಾಸ ತುಂಬುತ್ತ ಹೋದೆ. ಎಂಥ ಸಡಗರ ಅಂತೀರಿ! ಮನೆಯಲ್ಲಿ ಎರಡು ದಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಅವ್ವ ಬಾಗಿಲಲ್ಲೇ ಕಾದಿದ್ದು, ಇವತ್ತು ಯಾರು ಎಂದು ಕೇಳುತ್ತಿದ್ದಳು. ಹೇಳಿದ ಮೇಲೆ, ಮತ್ತೆ ನೀಲವ್ವ ಎಂದು ಕೇಳುತ್ತಿದ್ದಳು. ಬೀದಿಯೆಲ್ಲ ತುಂಬಿತು. ನೀಲವ್ವನ ಮನೆಯೊಂದು ಖಾಲಿ ಇತ್ತು.

ಒಂದು ಶನಿವಾರ ಬೆಳಿಗ್ಗೆ ಶಾಲೆ ಮುಗಿಸಿ ಹೋದಾಗ ಚಡಚಣದಿಂದ ಒಂದು ಓಲೆ ಬಂದಿತ್ತು. ಪಿಯುಸಿ ಓದುವ ಒಬ್ಬ ಹುಡುಗಿ ಬರೆದಿದ್ದಳು. ಚಹಾದಂಗಡಿಯ ಗೋಡೆಯ ಮೇಲಿನ ಕಾಗದ ನೋಡಿ ನಮ್ಮ ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಎರಡು ದಿನದಿಂದ ಉರಿದು ಬೀಳುತ್ತಿದ್ದಾಳೆ, ಹೀಗೆ ಬರಿ ಎನ್ನುತ್ತಾಳೆ: ನನ್ನ ಮನೆಯ ಕಟ್ಟೆಗೆ ಮುಂಜಾನೆಯ ಬಿಸಿಲು ಬೀಳುತ್ತಿತ್ತು, ಅಲ್ಲಿ ಕುಳಿತು ನಾನೂ ಗಂಗವ್ವನೂ ಹತ್ತಿ ಬಿಡಿಸುತ್ತಿದ್ದೆವು. ನೀವು ಹಾಕಿದ ಕಡೆ ಸಂಜೆಯ ಬಿಸಿಲು ಬೀಳುತ್ತದೆ. ನನ್ನ ಮನೆಯನ್ನು ಅದರ ಜಾಗಕ್ಕೆ ಇಡಿ.

ನಾನು ಕುರ್ಚಿ ಬೀಳಿಸಿ ಎದ್ದೆ. ಇಕ್ಬಾಲರು ಏನಾಯಿತೆಂದು ಗಾಬರಿಯಾದರು. ಓಲೆಯನ್ನು ಬರೆದುಕೊಂಡ ಕಾಗದ ಮುಷ್ಟಿಯಲ್ಲಿ ಹಿಡಿದು, ಕೊಡೆಯನ್ನು ಅಲ್ಲೇ ಬಿಟ್ಟು, ಮೂವತ್ತು ದಾಟಿದ ಹೈಸ್ಕೂಲ್ ಟೀಚರು ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಓಡಿದೆ. ಓದಿ ಹೇಳಿದಾಗ ಅವ್ವ ಎದ್ದು ಟ್ರಂಕು ತೆಗೆದು ಇಳಕಲ್ಲು ಸೀರೆ ಹೊರಗಿಟ್ಟಳು. ಆಮೇಲೆ, ನಾಳಿನ ಮೊದಲ ಬಸ್ಸು ಎಷ್ಟಕ್ಕೆ ಎಂದು ತಮ್ಮನನ್ನು ಕೇಳಿ ಬಾ ಎಂದಳು.

ಮಾವ ನಮ್ಮನ್ನು ಸಿಂದಗಿ, ಇಂಡಿ ಮೇಲೆ ಕರೆದೊಯ್ದ. ಬಸ್ಸು ಬದಲಿಸುವಾಗಲೆಲ್ಲ ಹಳೆಯ ಗೆಳೆಯರಿಗೆ, ನಮ್ಮ ವೆಬ್‌ಸೈಟಿನ ಕೆಲಸದ ಮೇಲೆ ಹೊರಟಿದ್ದೇವೆ ಎಂದು ಹೇಳುತ್ತಿದ್ದ. ಅವ್ವ ಕಿಟಕಿಯಲ್ಲಿ ಕುಳಿತು, ದಾರಿಯುದ್ದಕ್ಕೂ ಒಂದೇ ಮಾತು ಆಡುತ್ತಿದ್ದಳು. ಕಾರ್ಡು ಮುಟ್ಟಿದರೂ ಯಾಕೆ ಬರಲಿಲ್ಲ ಎಂದು ಮೊದಲು ಅದನ್ನೇ ಕೇಳುತ್ತೇನೆ ಎಂದು. ಚಡಚಣ ಹತ್ತಿರವಾದಷ್ಟೂ ದ್ರಾಕ್ಷಿಯ ಪಡಗಳು ಕಾಣತೊಡಗಿದವು, ನನಗೆ ಮಾತ್ರ ಬಸ್ಸು ಇಲ್ಲೇ ಕೆಟ್ಟು ನಿಂತರೆ ಚೆನ್ನ ಎನಿಸುತ್ತಿತ್ತು.

ನೀಲವ್ವ ಬಾಗಿಲಲ್ಲೇ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೊದಲಿಗಿಂತ ಗಿಡ್ಡಗಾಗಿದ್ದಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು 'ಎಷ್ಟು ಸೊರಗಿದಿ', 'ನೀನೇ ಸೊರಗಿದಿ' ಎಂದು ಬಹಳ ಹೊತ್ತು ಅದನ್ನೇ ಹೇಳಿದರು. ಚುರುಮುರಿ ಬಂತು, ಚಹಾ ಬಂತು. ಬಾಣಂತನ ಮುಗಿಸಿ ಎರಡು ತಿಂಗಳಿಗೆ ತಾನು ಊರಿಗೆ ಬಂದದ್ದನ್ನು ನೀಲವ್ವ ಹೇಳಿದಳು. ಬಸ್ಸಿಳಿದರೆ ಜಂತಿ ಕಿತ್ತ ಗೋಡೆಗಳು, ಒಂದು ನರಪಿಳ್ಳೆ ಇಲ್ಲ. ನಮ್ಮ ಗೋಡೆಯ ಕಿಂಡಿಯಲ್ಲಿ ಬಾಯಿಟ್ಟು ಗಂಗಾ ಎಂದು ಕೂಗಿ, ಬಂದ ಬಸ್ಸಿಗೇ ಮಗಳ ಮನೆಗೆ ತಿರುಗಿ ಹೋದಳಂತೆ, ಆಮೇಲೆ ಎಲ್ಲರೂ ಚಡಚಣಕ್ಕೆ ಬಂದು ನೆಲೆಸಿದರಂತೆ.

ಅವ್ವ ಚಹಾದ ಬಸಿ ಕೆಳಗಿಟ್ಟಳು. "ಮತ್ತ ಕಾರ್ಡ ಮುಟ್ಟಿರಲಿಲ್ಲೇನು ನಿನಗ?"

"ಯಾವ ಕಾರ್ಡ?" ಎಂದಳು ನೀಲವ್ವ.

ತಪ್ಪನ್ನು ಅಂಚೆಯ ಮೇಲೆ ಹಾಕಬಹುದಿತ್ತು. ಅಂಚೆಯವರು ಅಲ್ಲಿ ಇರಲಿಲ್ಲ, ಇಬ್ಬರೂ ನಂಬುತ್ತಿದ್ದರು. ಆದರೆ ಎರಡು ಜೊತೆ ಕಣ್ಣು ನನ್ನ ಕಡೆ ತಿರುಗಿದಾಗ ನನಗೆ ಆಗಲಿಲ್ಲ. ನಾನು ಬರೆಯಲೇ ಇಲ್ಲ ಅವ್ವಾ, ಚೀಟಿ ಕಳೆದುಬಿಟ್ಟೆ, ಹಾಕಿದೆ ಎಂದು ಸುಳ್ಳು ಹೇಳಿದೆ ಎಂದೆ. ಎಲ್ಲ ಒಟ್ಟಿಗೆ, ತಲೆ ಎತ್ತದೆ ಹೇಳಿದೆ. ಮಾವ ಎದ್ದು ಹೊರಗೆ ಹೋದ. ಅವ್ವ ನನ್ನನ್ನು ಬೈಯಲಿಲ್ಲ, ಅದಕ್ಕಿಂತ ಬೈದಿದ್ದರೆ ಬೇಕಾಗಿತ್ತು. ಚಹಾದ ಬಸಿ ದೂರ ಸರಿಸಿ, ನೀಲವ್ವನ ಮೊಮ್ಮಗಳಿಗೆ ಒಂದು ಹಾಳೆ, ಒಂದು ಪೆನ್ನು ತರಲು ಹೇಳಿದಳು. ತಂದದ್ದನ್ನು ನನ್ನ ಮುಂದೆ ಇಟ್ಟಳು.

"ಆ ಕಾರ್ಡ ಈಗ ಬರಿ. ನಾ ಹೇಳ್ತೇನಿ."

ಬರೆದೆ. ಅವ್ವ ಒಂದೊಂದೇ ಮಾತು ತಡೆದು ತಡೆದು ಹೇಳಿದಳು. ಮುಗಿದ ಮೇಲೆ, ಅಕೀಗೆ ಓದಲು ಬರುವುದಿಲ್ಲ, ನೀನೇ ಓದಿ ಹೇಳು ಎಂದಳು. ಎದುರಿಗೇ ಕುಳಿತವರಿಗೆ ನಾನು ಕಾಗದ ಓದಿದೆ. ಗೆಳತಿ ನೀಲವ್ವನಿಗೆ ಗಂಗವ್ವ ಮಾಡುವ ಶರಣು. ಮಗಳು, ಕೂಸು ಆರಾಮ ಇರಬಹುದು. ಮುಂದಿನ ಸೋಮವಾರ ಎಲ್ಲರೂ ಊರು ಬಿಡುತ್ತೇವೆ. ನಿನ್ನ ಮನೆಯ ಭಾಂಡೆ ಸಾಮಾನು ನಾನು ಕಟ್ಟಿಡುತ್ತೇನೆ. ನೀನು ಇಲ್ಲದೆ ನನಗೆ ಲಾರಿ ಹತ್ತಲು ಮನಸ್ಸಿಲ್ಲ. ಲಗೂ ಬಾ.

ನೀಲವ್ವ ಅದನ್ನು ಮೊದಲ ಸಲ ಸುದ್ದಿ ತಿಳಿದವಳ ಹಾಗೆ, ಬಾಯಿಗೆ ಸೆರಗು ಹಿಡಿದು ಕೇಳಿದಳು. ಕೇಳಿ ಮುಗಿದ ಮೇಲೆ ಹಾಳೆಯ ಕೊನೆಯಲ್ಲಿ ಉಳಿದಿದ್ದ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

"ಇಲ್ಲಿ ಬರಿ. ನೀಲವ್ವ ಬಂದ್ಲು ಅಂತ."